ಪರದೆಯ ಮೇಲಿನ ಅಲಾತಚಕ್ರ

ಹೋದ ಶ್ರಾವಣದಲ್ಲಿ ಬಸವಕಲ್ಯಾಣದಲ್ಲಿರುವ ನಮ್ಮ ಅಣ್ಣನವರು ಮಳೆಗೆ ನೆನೆದ ಅಂಗಳದಲ್ಲಿ ಕಾಲು ಜಾರಿ ಬಿದ್ದರು. ವಯಸ್ಸು ಎಪ್ಪತ್ತಾರು. ಬಿದ್ದವರು ಏಳಲಾಗಲಿಲ್ಲ; ಎಡಗಾಲು ಹೊರಳಿ ಗಿಡ್ಡವಾದಂತೆ ಕಾಣುತ್ತಿತ್ತು. ಮನೆಯ ಮಕ್ಕಳು ಅವರನ್ನು ಹಲಗೆಯ ಮೇಲೆ ಮಲಗಿಸಿಕೊಂಡು ಹೆದ್ದಾರಿ ಹಿಡಿದು ಹುಮನಾಬಾದಿನ ಆಸ್ಪತ್ರೆಯೊಂದಕ್ಕೆ ತಂದರು. ತೊಡೆಯ ಮೂಳೆ ಸೊಂಟದ ಸಂಧಿಯ ಬಳಿ ಮುರಿದಿದೆ, ಒಳಗೆ ಲೋಹದ ಮೊಳೆ ಹಾಕಿ ಕೂಡಿಸಬೇಕು ಎಂದು ವೈದ್ಯರು ನಿರ್ಧರಿಸಿದರು. ಶಸ್ತ್ರಕ್ರಿಯೆ ಸಾಂಗವಾಗಿ ನೆರವೇರಿತು. ಅಣ್ಣನವರು ಈಗ ಕೋಲು ಹಿಡಿದು ನಡೆಯುತ್ತಾರೆ. ಆದರೆ ಆ ದಿನ ಒಳಗೆ ಕೆಲವು ಕ್ಷಣಗಳ ಕಾಲ ನಡೆದ ಒಂದು ಸಂಗತಿಯನ್ನು ವೈದ್ಯರು ಮರುದಿನ ನನಗೆ ಹೇಳಿದರು. ಅದನ್ನು ಕೇಳಿದಂದಿನಿಂದ ನನ್ನ ಮನಸ್ಸಿನಲ್ಲಿ ಎದ್ದ ವಿಚಾರವೇ ಈ ತಿಂಗಳ ಲೇಖನದ ವಿಷಯ.

ಇಂಥ ಶಸ್ತ್ರಕ್ರಿಯೆಯಲ್ಲಿ ವೈದ್ಯರು ಮೂಳೆಯನ್ನು ಕಣ್ಣಿನಿಂದ ನೋಡುವುದಿಲ್ಲ. ಚರ್ಮದಲ್ಲಿ ಚಿಕ್ಕದೊಂದು ಗಾಯವನ್ನಷ್ಟೇ ಮಾಡಿ, ಅದರ ಮೂಲಕ ತೆಳುವಾದ ಉಕ್ಕಿನ ತಂತಿಯೊಂದನ್ನು ಮೂಳೆಯ ಕುತ್ತಿಗೆಯೊಳಗೆ, ಅಲ್ಲಿಂದ ಅದರ ದುಂಡು ತಲೆಯೊಳಗೆ ನುಗ್ಗಿಸುತ್ತಾರೆ. ಆ ತಂತಿ ಹಾಕಿಕೊಟ್ಟ ದಾರಿಯಲ್ಲೇ ಮುಂದೆ ದಪ್ಪನೆಯ ತಿರುಪು ಹೋಗಬೇಕು. ತಂತಿಯ ತುದಿ ಸಂಧಿಯ ಅಂಚಿಗೆ ಕೆಲವೇ ಮಿಲಿಮೀಟರ್ ಈಚೆ ನಿಲ್ಲಬೇಕು. ಅದನ್ನು ದಾಟಿದರೆ ಸಂಧಿ ಕೆಡುತ್ತದೆ. ಇನ್ನೂ ಮುಂದೆ ಹೋದರೆ ಕಿಬ್ಬೊಟ್ಟೆಯ ಅವಯವಗಳಿಗೇ ಅಪಾಯ. ಇಷ್ಟೆಲ್ಲವನ್ನೂ ತೋರಿಸುವುದು ಸಿ-ಆರ್ಮ್ ಎಂಬ ಯಂತ್ರ. ಅರ್ಧಚಂದ್ರಾಕೃತಿಯ ಅದರ ತೋಳಿನ ಒಂದು ತುದಿಯಲ್ಲಿ ಕ್ಷ-ಕಿರಣದ ಕೊಳವೆ, ಇನ್ನೊಂದು ತುದಿಯಲ್ಲಿ ಕಿರಣವನ್ನು ಹಿಡಿಯುವ ಫಲಕ, ನಡುವೆ ರೋಗಿ. ವೈದ್ಯರು ಕಾಲಿನಿಂದ ಒತ್ತುಗುಂಡಿ ಒತ್ತಿದಷ್ಟು ಹೊತ್ತು ಒಳಗಿನ ಮೂಳೆ, ಒಳಗಿನ ತಂತಿ ಪರದೆಯ ಮೇಲೆ ಚಲಿಸುವ ಚಿತ್ರವಾಗಿ ಕಾಣುತ್ತವೆ. ಇದಕ್ಕೆ ಫ್ಲೋರೋಸ್ಕೋಪಿ ಎಂದು ಹೆಸರು.

ಆ ದಿನ ತಂತಿ ಮುಂದೆ ಸಾಗುತ್ತಿದ್ದಾಗ ಅದರ ಕಪ್ಪು ಗೆರೆಯ ಮುಂದೆ ಇನ್ನೊಂದು ಮಸುಕಾದ ಎಳೆ ಇರುವುದು ವೈದ್ಯರ ಕಣ್ಣಿಗೆ ಬಿತ್ತು. ತುದಿ ಯಾವುದು? ಕಪ್ಪು ಗೆರೆ ಮುಗಿಯುವಲ್ಲಿಯೋ, ಮಸುಕು ಮುಗಿಯುವಲ್ಲಿಯೋ? ಅವರು ಕೈ ತಡೆದರು. ಒಂದೆರಡು ಗಳಿಗೆ ಬಿಟ್ಟು ಮತ್ತೆ ಕಿರಣ ಹಾಯಿಸಿ ನೋಡಿದಾಗ ಮಸುಕಾಗಿ ಕಂಡಿದ್ದ ಭಾಗವೂ ಅಷ್ಟೇ ಕಪ್ಪಾಗಿತ್ತು. ಅಂದರೆ ತಂತಿ ನಿಜವಾಗಿ ಮಸುಕಿನ ತುದಿಯವರೆಗೂ ಹೋಗಿಬಿಟ್ಟಿತ್ತು. ಪರದೆ ಮಾತ್ರ ಅದನ್ನು ತಡವಾಗಿ ಒಪ್ಪಿಕೊಂಡಿತ್ತು. ಸಂಧಿಗೆ ಇನ್ನೂ ಸ್ಥಳವಿದ್ದುದರಿಂದ ತೊಂದರೆಯೇನೂ ಆಗಲಿಲ್ಲ. ದಾಖಲಾಗಿದ್ದ ಚಿತ್ರವನ್ನು ನನಗೂ ತೋರಿಸಿದರು. ನೋಡಿದಾಗ ಬೆನ್ನುಹುರಿಯಲ್ಲಿ ಚಳಿ ಹರಿದಂತಾಯಿತೆಂದು ಹೇಳಲು ನನಗೆ ಸಂಕೋಚವಿಲ್ಲ.

ಹಳೆಯದು ಹೋಗದೆ ಉಳಿಯುವುದು, ಹೊಸದು ಪೂರ್ಣವಾಗಿ ಬರಲು ತಡಮಾಡುವುದು, ಇವೆರಡೂ ಒಂದೇ ದೋಷದ ಎರಡು ಮುಖಗಳು. ತಂತ್ರಜ್ಞರು ಇದನ್ನು ಲ್ಯಾಗ್ ಎನ್ನುತ್ತಾರೆ. ನಾನು ಈ ಲೇಖನದ ಮಟ್ಟಿಗೆ ಬಿಂಬಶೇಷ ಎಂದು ಕರೆಯುತ್ತೇನೆ.

ಓದುಗ ಬಂಧುಗಳಿಗೆ ಇದು ತೀರ ಹೊಸ ಮಾತೆನಿಸಬೇಕಾಗಿಲ್ಲ. ಚಿಕ್ಕಂದಿನಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಬಂದಾಗ ರಾತ್ರಿಯ ಹೊತ್ತು ನಾವು ಹುಡುಗರು ಒಲೆಯಿಂದ ಕೊಳ್ಳಿ ಕದ್ದು ಗಿರಗಿರನೆ ತಿರುಗಿಸುತ್ತಿದ್ದೆವು. ಉರಿಯುವ ತುದಿ ಒಂದೇ. ಕಣ್ಣಿಗೆ ಕಾಣುವುದು ಬೆಂಕಿಯ ಬಳೆ. ಮುಂದೆ ಮಠದ ಪಾಠಶಾಲೆಯಲ್ಲಿ ಶಾಸ್ತ್ರ ಓದುವಾಗ ಅದಕ್ಕೆ ಅಲಾತಚಕ್ರವೆಂಬ ಹೆಸರಿರುವುದು ತಿಳಿಯಿತು. ಗೌಡಪಾದರ ಮಾಂಡೂಕ್ಯಕಾರಿಕೆಯ ನಾಲ್ಕನೆಯ ಪ್ರಕರಣದ ಹೆಸರೇ ಅಲಾತಶಾಂತಿ. ದಾರ್ಶನಿಕರು ಕೊಳ್ಳಿಯ ಚಕ್ರವನ್ನು ಜಗತ್ತಿನ ತೋರಿಕೆಗೆ ದೃಷ್ಟಾಂತವಾಗಿ ಬಳಸಿದರು. ಆ ಚಕ್ರ ಕಣ್ಣಿನಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ಅಳೆಯುವುದು ಅವರ ಉದ್ದೇಶವಾಗಿರಲಿಲ್ಲ. ಅಳೆದವನು ಪ್ಯಾಟ್ರಿಕ್ ಡಾರ್ಸಿ ಎಂಬವನು. ಐರ್ಲೆಂಡಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ಈ ವಿದ್ವಾಂಸ ೧೭೬೫ರಲ್ಲಿ ಉರಿಯುವ ಕೆಂಡವನ್ನೇ ಯಂತ್ರಕ್ಕೆ ಕಟ್ಟಿ ಕತ್ತಲಲ್ಲಿ ತಿರುಗಿಸಿದ. ವೇಗವನ್ನು ಹೆಚ್ಚಿಸುತ್ತ ಹೋದಂತೆ ಒಂದು ಹಂತದಲ್ಲಿ ಮುರಿದ ಬಳೆ ಪೂರ್ಣವೃತ್ತವಾಗಿ ಕಂಡಿತು. ಆ ವೇಗದಲ್ಲಿ ಒಂದು ಸುತ್ತಿಗೆ ತಗಲುವ ಕಾಲವೇ ಕಣ್ಣಿನಲ್ಲಿ ಬೆಳಕು ಉಳಿಯುವ ಕಾಲ. ಅವನಿಗೆ ಸಿಕ್ಕ ಉತ್ತರ ಸುಮಾರು ೦.೧೩ ಸೆಕೆಂಡು. ಕೊಳ್ಳಿ ನಮ್ಮಲ್ಲೂ ಇತ್ತು, ಅವನಲ್ಲೂ ಇತ್ತು. ಸುತ್ತುಗಳನ್ನು ಎಣಿಸುವ ಯೋಚನೆ ಮಾತ್ರ ಅವನಿಗೆ ಬಂತು. ಈ ಮಾತನ್ನು ನಾನು ವಿಷಾದದಿಂದಲೇ ಬರೆಯುತ್ತಿದ್ದೇನೆ.

ಕಣ್ಣಿನ ಮಾತು ಹಾಗಿರಲಿ. ಹೊಳೆಯುವ ಪದಾರ್ಥಗಳಿಗೂ ಈ ಗುಣವುಂಟು. ಬೆಳಕು ಬೀಳುವುದು ನಿಂತ ಮೇಲೂ ಕೆಲವು ಖನಿಜಗಳು ಕ್ಷಣಕಾಲ ಹೊಳೆಯುತ್ತಲೇ ಇರುತ್ತವೆ. ೧೮೫೦ರ ದಶಕದಲ್ಲಿ ಪ್ಯಾರಿಸ್ಸಿನ ಎಡ್ಮಂಡ್ ಬೆಕೆರೆಲ್ ತೂತುಗಳಿರುವ ಎರಡು ಬಿಲ್ಲೆಗಳನ್ನು ಒಂದೇ ಅಚ್ಚಿನ ಮೇಲೆ ತಿರುಗಿಸಿ ಆ ಹೊಳಪಿನ ಆಯುಸ್ಸನ್ನು ಅಳೆದ. ನಮ್ಮ ಬೆಂಗಳೂರಿನಲ್ಲಿಯೇ ಸರ್ ಸಿ. ವಿ. ರಾಮನ್ನರು ೧೯೪೦ರ ದಶಕದಲ್ಲಿ ವಜ್ರಗಳು ಹೊಮ್ಮಿಸುವ ದೀಪ್ತಿಯನ್ನು ಕುರಿತು ಆಳವಾದ ಸಂಶೋಧನೆ ನಡೆಸಿದ್ದರು. ಇನ್ನು ಕ್ಷ-ಕಿರಣ ಪತ್ತೆಯಾದುದೂ ಹೊಳಪಿನಿಂದಲೇ. ೧೮೯೫ರ ನವೆಂಬರ್ ೮ರಂದು ಜರ್ಮನಿಯ ವ್ಯೂರ್ಟ್ಸ್‌ಬುರ್ಗಿನಲ್ಲಿ ರಾಂಟ್ಜನ್ನನ ಕತ್ತಲೆಯ ಕೋಣೆಯಲ್ಲಿ ಬೇರಿಯಂ ಲವಣ ಬಳಿದ ತೆರೆಯೊಂದು ದೂರದಲ್ಲಿ ಮಿನುಗಿತು. ಆ ಮಿನುಗುವ ತೆರೆಯೇ ಇಂದಿನ ಫ್ಲೋರೋಸ್ಕೋಪಿಯ ಮೂಲಪುರುಷ. ಮೊದಮೊದಲು ವೈದ್ಯರು ಕತ್ತಲಲ್ಲಿ ಕಾಲುಗಂಟೆಗೂ ಹೆಚ್ಚು ಕುಳಿತು ಕಣ್ಣು ಪಳಗಿಸಿಕೊಂಡು ತೆರೆಯನ್ನು ನೇರವಾಗಿ ನೋಡುತ್ತಿದ್ದರು. ಕಿರಣ ಅವರ ಮುಖಕ್ಕೂ ಬಡಿಯುತ್ತಿತ್ತು. ಅಮೆರಿಕೆಯಲ್ಲಿ ಎಡಿಸನ್ನನ ಸಹಾಯಕನಾಗಿ ಈ ಯಂತ್ರಗಳ ಮೇಲೆ ದುಡಿದ ಕ್ಲಾರೆನ್ಸ್ ಡ್ಯಾಲಿ ಅದರಿಂದಲೇ ವ್ರಣಗೊಂಡು ೧೯೦೪ರಲ್ಲಿ ತೀರಿಕೊಂಡ. ೧೯೫೦ರ ದಶಕದಲ್ಲಿ ಬಿಂಬವನ್ನು ಪ್ರಖರಗೊಳಿಸುವ ನಳಿಕೆಗಳು ಬಂದವು, ಅವುಗಳಿಗೆ ದೂರದರ್ಶನದ ಕ್ಯಾಮರಾ ಸೇರಿತು. ೨೦೦೦ದ ಸುಮಾರಿಗೆ ಚಪ್ಪಟೆ ಫಲಕಗಳು ಬಂದವು. ಹಳೆಯ ಕ್ಯಾಮರಾ ನಳಿಕೆಗಳಲ್ಲಿ ಬಿಂಬಶೇಷ ಬಹಳ. ಬೆಳಕು ಮಂದವಾದಷ್ಟೂ ಅದು ಹೆಚ್ಚುತ್ತಿತ್ತು. ಫಲಕಗಳು ಬಂದ ಮೇಲೆ ಕಡಿಮೆಯಾಯಿತು, ಇಲ್ಲವಾಗಲಿಲ್ಲ.

ಏಕೆ ಇಲ್ಲವಾಗಲಿಲ್ಲ ಎಂಬುದನ್ನು ನಮ್ಮ ಸೀಮೆಯ ಕಲ್ಲುಗಳಿಂದಲೇ ಹೇಳಬಹುದು. ಬೀದರ ಸೀಮೆಯ ಜಂಬಿಟ್ಟಿಗೆ ಕಲ್ಲಿನ ಮೇಲೆ ಮಳೆ ಬಿದ್ದರೆ ಮಳೆ ನಿಂತ ಮೇಲೂ ಕಲ್ಲು ಜಿನುಗುತ್ತಿರುತ್ತದೆ. ಅದರ ತುಂಬ ಸಣ್ಣ ಸಣ್ಣ ಪೊಟರೆಗಳು. ಶಹಾಬಾದದ ಹಾಸುಗಲ್ಲಿನ ಮೇಲೆ ಬಿದ್ದ ನೀರು ಹರಿದುಹೋಗಿ ಅರ್ಧ ಗಂಟೆಯಲ್ಲಿ ನೆಲ ಒಣಗುತ್ತದೆ. ಕ್ಷ-ಕಿರಣದ ಫಲಕದಲ್ಲಿ ಮೇಲ್ಪದರವಾಗಿ ಸೀಸಿಯಂ ಅಯೊಡೈಡಿನ ಸೂಜಿಯಂಥ ಹರಳುಗಳಿರುತ್ತವೆ. ಅವು ಕಿರಣವನ್ನು ಬೆಳಕಾಗಿ ಮಾರ್ಪಡಿಸುತ್ತವೆ. ಕೆಳಗಿನ ಸಿಲಿಕಾನ್ ಪದರ ಆ ಬೆಳಕನ್ನು ವಿದ್ಯುದಂಶವಾಗಿ ಹಿಡಿದಿಟ್ಟು ಸಾಲುಸಾಲಾಗಿ ಹೊರಗೆ ಕಳಿಸುತ್ತದೆ. ಬಹುಪಾಲು ಫಲಕಗಳಲ್ಲಿ ಈ ಸಿಲಿಕಾನ್ ಸ್ಫಟಿಕರೂಪದ್ದಲ್ಲ. ಅಣುಗಳು ಅಸ್ತವ್ಯಸ್ತವಾಗಿ ಕೂಡಿಕೊಂಡಿರುವ ಅಮಾರ್ಫಸ್ ಬಗೆಯದು. ಅದು ಜಂಬಿಟ್ಟಿಗೆಯಂತೆ. ವಿದ್ಯುದಂಶದ ಕೆಲವು ಕಣಗಳು ಪೊಟರೆಗಳಲ್ಲಿ ಸಿಕ್ಕಿಬಿದ್ದು, ಕಿರಣ ನಿಂತ ಮೇಲೆ ಒಂದೊಂದಾಗಿ ಹೊರಬರುತ್ತವೆ. ಬಂದಾಗ ಮುಂದಿನ ಚಿತ್ರಗಳೊಳಗೆ ಸೇರಿಕೊಳ್ಳುತ್ತವೆ. ಮೇಲಿನ ಹರಳುಗಳ ಹೊಳಪೂ ಸ್ವಲ್ಪ ಹೊತ್ತು ಆರದೆ ಉಳಿಯುತ್ತದೆ. ಸ್ಫಟಿಕ ಸಿಲಿಕಾನಿನಿಂದ ಮಾಡಿದ ಹೊಸ ಬಗೆಯ ಫಲಕಗಳು ಶಹಾಬಾದ ಕಲ್ಲಿನಂಥವು. ಅವುಗಳಲ್ಲಿ ಶೇಷ ಕಡಿಮೆ. ಕೆಲವು ತಯಾರಕರು ಅಮಾರ್ಫಸ್ ಫಲಕದ ಹಿಂದೆ ದೀಪಗಳನ್ನಿಟ್ಟು ಚಿತ್ರಚಿತ್ರದ ನಡುವೆ ಮಿಂಚಿಸುತ್ತಾರೆ. ಆ ಬೆಳಕು ಪೊಟರೆಗಳನ್ನು ಮೊದಲೇ ತುಂಬಿಸಿಬಿಡುವುದರಿಂದ ನಿಜವಾದ ಚಿತ್ರದ ಕಣಗಳಿಗೆ ಸಿಕ್ಕಿಬೀಳಲು ಎಡೆಯಿರುವುದಿಲ್ಲ. ಬಹಳ ಜಾಣ ಉಪಾಯವೆಂದು ನನಗೆ ಅನಿಸಿತು.

ಇಷ್ಟನ್ನು ನನಗೆ ತಿಳಿಸಿದವರು ಕಲಬುರಗಿಯಿಂದ ಬಂದಿದ್ದ ತರುಣ ವಿಕಿರಣ ತಜ್ಞರು. ಯಂತ್ರದ ಗುಣಮಟ್ಟ ಪರೀಕ್ಷೆಯ ಅವಧಿ ಬಂದಿತ್ತು. ವೈದ್ಯರು ಅಣ್ಣನವರ ಶಸ್ತ್ರಕ್ರಿಯೆಯ ಚಿತ್ರವನ್ನು ತೋರಿಸಿ ಇದನ್ನೂ ನೋಡಿಕೊಡಿ ಎಂದು ಕೇಳಿಕೊಂಡರು. ನನ್ನ ಕುತೂಹಲವನ್ನು ಬಲ್ಲ ಅವರು ನನ್ನನ್ನೂ ಬರಹೇಳಿದರು. ಸೀಸದ ಗಾಜಿನ ತಡೆಯ ಹಿಂದೆ ಕುಳಿತು ನಾನು ಆ ಅಪರಾಹ್ನವನ್ನು ಕಳೆದೆ.

ಮೊದಲು ಫಲಕದ ಪರೀಕ್ಷೆ. ಯಂತ್ರವನ್ನು ಬೆಳಿಗ್ಗೆಯಿಂದ ಚಾಲೂ ಇಟ್ಟು ಫಲಕ ಹದವಾದ ಶಾಖಕ್ಕೆ ಬರುವಂತೆ ಮಾಡಿದ್ದರು. ಆದರೆ ಆ ದಿನ ಅದರ ಮೇಲೆ ಕಿರಣ ಬೀಳಿಸಿರಲಿಲ್ಲ, ಏಕೆಂದರೆ ನಿನ್ನೆಯದಲ್ಲದಿದ್ದರೂ ಅರ್ಧ ಗಂಟೆಯ ಹಿಂದಿನ ಶೇಷ ಇಂದಿನ ಲೆಕ್ಕವನ್ನು ಕೆಡಿಸಬಲ್ಲದು. ಕೊಳವೆಯ ಬಾಯಿಗೆ ೨೧ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಫಲಕವನ್ನಿಟ್ಟರು. ಮನುಷ್ಯದೇಹವನ್ನು ಹಾದುಬಂದ ಕಿರಣ ಹೇಗಿರುತ್ತದೆಯೋ ಹೆಚ್ಚುಕಡಿಮೆ ಹಾಗೆಯೇ ಕಿರಣವನ್ನು ಸೋಸಿಕೊಡುವುದು ಅದರ ಕೆಲಸ. ಮೊದಲು ಕಿರಣವಿಲ್ಲದೆಯೇ ಹಲವು ಚಿತ್ರಗಳನ್ನು ತೆಗೆದು ಸರಾಸರಿ ನೋಡಿದರು. ಕತ್ತಲಲ್ಲೂ ಫಲಕ ಸೊನ್ನೆ ಹೇಳುವುದಿಲ್ಲ. ಅಂದು ೧೦೪ ಎಂದಿತು. ತರುವಾಯ ಕಿರಣ ಹಾಯಿಸಿ ಅಂಕೆ ಏರಿ ಸ್ಥಿರವಾಗುವವರೆಗೆ ಕಾದರು. ೨೧೦೪ರಲ್ಲಿ ನಿಂತಿತು. ಆಗ ಕಿರಣವನ್ನು ಥಟ್ಟನೆ ಕಡಿದರು, ಫಲಕವನ್ನು ಮಾತ್ರ ಓದುತ್ತಲೇ ಇದ್ದರು. ಕಿರಣ ನಿಂತ ಮೇಲಿನ ಮೊದಲ ಚಿತ್ರದಲ್ಲಿ ಅಂಕೆ ೧೬೪.

ಲೆಕ್ಕ ಸುಲಭ. ಕತ್ತಲೆಯ ಪಾಲಾದ ೧೦೪ನ್ನು ಎರಡರಿಂದಲೂ ಕಳೆಯಬೇಕು. ಕಿರಣವಿದ್ದಾಗ ೨೦೦೦, ಕಿರಣ ಹೋದ ಮೇಲೆ ೬೦. ಅಂದರೆ ಮೊದಲ ಚಿತ್ರದಲ್ಲಿ ನೂರಕ್ಕೆ ೩ರಷ್ಟು ಹಳೆಯದು ಉಳಿದಿದೆ. ಹತ್ತನೆಯ ಚಿತ್ರದಲ್ಲಿ ಅಂಕೆ ೧೧೪. ಅಲ್ಲಿಗೆ ಶೇಷ ನೂರಕ್ಕೆ ಅರ್ಧ. ಅಮಾರ್ಫಸ್ ಸಿಲಿಕಾನಿನ ಫಲಕಗಳಲ್ಲಿ ಮೊದಲ ಚಿತ್ರದ ಶೇಷ ನೂರಕ್ಕೆ ಎರಡರಿಂದ ಹತ್ತರವರೆಗೆ ಇರುವುದುಂಟಂತೆ. ಆದುದರಿಂದ ಈ ಫಲಕ ನಿರ್ದೋಷಿ.

ಇಲ್ಲೊಂದು ಸೂಕ್ಷ್ಮವಿದೆ. ಗುಂಡಿ ಬಿಟ್ಟ ಕೂಡಲೇ ಕಿರಣವೂ ನಿಂತಿತು ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಕೊಳವೆಗೆ ಹೋಗುವ ದಪ್ಪ ಕೇಬಲ್ಲಿನಲ್ಲಿ ಉಳಿದ ವಿದ್ಯುತ್ತು ಕೆಲವು ಮಿಲಿಸೆಕೆಂಡುಗಳ ಕಾಲ ಕಿರಣದ ಬಾಲವನ್ನು ಎಳೆಯುತ್ತದೆ. ಆ ಬಾಲ ಬಿದ್ದ ಚಿತ್ರವನ್ನೇ ಮೊದಲನೆಯದೆಂದು ಎಣಿಸಿದರೆ ಕೊಳವೆಯ ತಪ್ಪನ್ನು ಫಲಕದ ತಲೆಗೆ ಕಟ್ಟಿದಂತೆ. ತರುಣರು ಕಿರಣ ಮುರಿದ ಆ ಚಿತ್ರವನ್ನು ಪಕ್ಕಕ್ಕಿಟ್ಟು ಮುಂದಿನದರಿಂದ ಎಣಿಸಿದರು. ಇದನ್ನೇ ಐದು ಸಲ ಮಾಡಿದರು. ಐದು ಸಲವೂ ಉತ್ತರ ಹೆಚ್ಚುಕಡಿಮೆ ಒಂದೇ. ಪಾಠಾಂತರಗಳನ್ನು ಹೋಲಿಸಿ ನೋಡುವ ಅಭ್ಯಾಸವಿರುವ ನನಗೆ ಆ ತಾಳ್ಮೆ ಬಹಳ ಹಿಡಿಸಿತು.

ಆದರೆ ನೂರಕ್ಕೆ ಮೂರರಷ್ಟು ಶೇಷದಿಂದ ವೈದ್ಯರು ಕಂಡ ಮಸುಕು ಎಳೆ ಹುಟ್ಟಲಾರದು. ಅಷ್ಟು ಸಣ್ಣ ನೆರಳು ಚಿತ್ರದ ಕಾಳುಕಾಳಾದ ಗದ್ದಲದಲ್ಲಿ ಕಣ್ಣಿಗೇ ಬೀಳುವುದಿಲ್ಲ. ಹಾಗಾದರೆ ದೋಷವೆಲ್ಲಿ? ಫಲಕಕ್ಕೂ ಪರದೆಗೂ ನಡುವೆ ಇನ್ನೊಂದು ಕೈ ಇದೆ, ಗಣಕದ ಕೈ. ಅದನ್ನು ಪರೀಕ್ಷಿಸಲು ಕಿರಣ ನಿಲ್ಲಿಸುವ ಉಪಾಯ ಸಲ್ಲದು. ಕಿರಣ ನಿಂತರೆ ಪರದೆ ಕೊನೆಯ ಚಿತ್ರವನ್ನೇ ಹಿಡಿದಿಟ್ಟು ತೋರಿಸುತ್ತದೆ. ಕಿರಣ ಹಾಯುತ್ತಿರುವಾಗಲೇ ಏನಾದರೂ ಚಲಿಸಬೇಕು. ಆಗ ಅವರು ತಮ್ಮ ಪೆಟ್ಟಿಗೆಯಿಂದ ತಟ್ಟೆಯಾಕಾರದ ಒಂದು ವಸ್ತುವನ್ನು ತೆಗೆದರು. ಪ್ಲಾಸ್ಟಿಕ್ ಬಿಲ್ಲೆ, ಅದರ ಮೇಲೆ ನಡುವಿನಿಂದ ಅಂಚಿಗೆ ಒಂದು ಉಕ್ಕಿನ ತಂತಿ, ಕೆಳಗೆ ಸಣ್ಣ ಮೋಟಾರು. ಹತ್ತು ಸೆಕೆಂಡಿಗೆ ಒಂದು ಸುತ್ತು. ನನಗೆ ತಟ್ಟನೆ ಜಾತ್ರೆಯ ಕೊಳ್ಳಿ ನೆನಪಾಯಿತು. ಡಾರ್ಸಿಯ ಕಥೆಯನ್ನು ನಾನು ಅವರಿಗೆ ಹೇಳಿದ್ದು ಆಗಲೇ. ಅವರು ಅದನ್ನು ಕೇಳಿರಲಿಲ್ಲ. ಆ ದಿನ ನಾನೂ ಏನನ್ನೋ ಕೊಟ್ಟೆನೆಂಬ ಸಣ್ಣ ತೃಪ್ತಿ.

ಯಂತ್ರ ಸೆಕೆಂಡಿಗೆ ೮ ಸಲ ಕಿರಣವನ್ನು ಮಿಡಿಯುತ್ತಿತ್ತು. ಪರದೆಯ ಮೇಲೆ ಕಂಡದ್ದು ಒಂದು ತಂತಿಯಲ್ಲ, ಬೀಸಣಿಗೆ. ಮುಂದೆ ಒಂದು ಎಳೆ, ಅದರ ಹಿಂದೆ ನಾಲ್ಕೂವರೆ ಡಿಗ್ರಿಗೊಂದರಂತೆ ಹಳೆಯ ಎಳೆಗಳ ಸಾಲು, ಹಿಂದೆ ಹೋದಂತೆ ಕ್ಷೀಣ. ಎಂಟು ನೆರಳುಗಳನ್ನು ನಾನೇ ಎಣಿಸಿದೆ. ಅಂದರೆ ಒಂದು ಪೂರ್ಣ ಸೆಕೆಂಡಿನ ಹಿಂದಿನ ತಂತಿ ಪರದೆಯಿಂದ ಇನ್ನೂ ಹೋಗಿರಲಿಲ್ಲ. ಅದಕ್ಕಿಂತ ಚಿಂತೆಯ ವಿಷಯವೆಂದರೆ, ತಂತಿ ನಿಜವಾಗಿ ಇದ್ದ ಸ್ಥಳದ ಎಳೆಯೂ ಕಡುಕಪ್ಪಾಗಿರಲಿಲ್ಲ.

ಕಾರಣವನ್ನು ಅವರು ಕಾಗದದ ಮೇಲೆ ಬರೆದು ತೋರಿಸಿದರು. ಕಡಿಮೆ ಕಿರಣ ಬಳಸಿದಾಗ ಚಿತ್ರ ಕಾಳುಕಾಳಾಗುತ್ತದೆ. ಅದನ್ನು ನುಣುಪುಗೊಳಿಸಲು ಗಣಕ ಹೊಸ ಚಿತ್ರಕ್ಕೆ ಹಳೆಯದನ್ನು ಬೆರೆಸುತ್ತದೆ. ಈ ಯಂತ್ರದಲ್ಲಿ ಆ ಬೆರಕೆಯನ್ನು ತೀರ ಹೆಚ್ಚಿನ ಮಟ್ಟಕ್ಕೆ ಇಟ್ಟಿದ್ದರು: ಹೊಸದು ನಾಲ್ಕರಲ್ಲಿ ಒಂದು ಪಾಲು, ಹಳೆಯದು ಮೂರು ಪಾಲು. ಹಾಗಾಗಿ ಹೋದ ಬಿಂಬ ಮುಂದಿನ ಚಿತ್ರದಲ್ಲಿ ನೂರಕ್ಕೆ ೭೫, ಅದರ ಮುಂದಿನದರಲ್ಲಿ ೫೬, ಆಮೇಲೆ ೪೨, ೩೨, ಹೀಗೆ ಇಳಿಯುತ್ತ ಎಂಟನೆಯದರಲ್ಲಿ ೧೦ ಉಳಿಯುತ್ತದೆ. ಹೊಸದಾಗಿ ಬಂದದ್ದು ಮೊದಲ ಚಿತ್ರದಲ್ಲಿ ೨೫ರಷ್ಟು ಮಾತ್ರ ಕಾಣುತ್ತದೆ. ಅರ್ಧ ಸೆಕೆಂಡಿನ ಮೇಲೂ ೬೮. ತಂತಿ ಸೆಕೆಂಡಿಗೆ ಐದು ಮಿಲಿಮೀಟರ್ ವೇಗದಲ್ಲಿ ಮುನ್ನುಗ್ಗುತ್ತಿದ್ದರೆ ಅರ್ಧ ಸೆಕೆಂಡಿನಲ್ಲಿ ಎರಡೂವರೆ ಮಿಲಿಮೀಟರ್ ಮುಂದೆ. ಅಣ್ಣನವರ ಸಂಧಿಯ ಬಳಿ ಆ ಎರಡೂವರೆ ಮಿಲಿಮೀಟರ್ ಸಣ್ಣದಲ್ಲ.

ಹಾಗಾದರೆ ಆ ಬೆರಕೆಯನ್ನೇ ತೆಗೆದುಹಾಕಬಾರದೇಕೆ ಎಂದು ಕೇಳಿದೆ. ಅವರ ಉತ್ತರದಿಂದ ನನ್ನ ಅರ್ಧ ಆಕ್ರೋಶ ಇಳಿಯಿತು. ಈ ಬೆರಕೆಯಿಂದ ಸಿಗುವ ನುಣುಪು ಏಳು ಚಿತ್ರಗಳನ್ನು ಕೂಡಿಸಿ ಸರಾಸರಿ ಮಾಡಿದಷ್ಟು. ಬೆರಕೆಯಿಲ್ಲದೆ ಅದೇ ನುಣುಪು ಬೇಕೆಂದರೆ ಏಳು ಪಟ್ಟು ಕಿರಣ ಹಾಯಿಸಬೇಕು. ಆ ಕಿರಣ ಬೀಳುವುದು ರೋಗಿಯ ಮೇಲೆ. ಚದುರಿದ್ದು ದಿನವಹಿ ಅಲ್ಲೇ ನಿಂತು ದುಡಿಯುವ ವೈದ್ಯರ, ದಾದಿಯರ ಮೇಲೆ. ಅವರು ಸೀಸದ ಅಂಗಿ ತೊಟ್ಟಿದ್ದರೂ ಕೈ, ಮುಖ ಬಯಲಿಗೇ ಇರುತ್ತವೆ. ಆದುದರಿಂದ ಬಿಂಬಶೇಷವೆಂಬುದು ಬರಿಯ ಕಳಂಕವಲ್ಲ. ಕಿರಣ ಉಳಿಸುವುದಕ್ಕಾಗಿ ಬೇಕೆಂದೇ ಇಟ್ಟುಕೊಂಡ ಸಾಲವೂ ಹೌದು. ಎಷ್ಟು ಸಾಲವಿದೆ ಎಂಬುದು ಬಳಸುವವರಿಗೆ ಗೊತ್ತಿರಲಿಲ್ಲ, ಅಷ್ಟೇ. ಯಂತ್ರ ಬಂದಾಗ ಯಾರೋ ಆ ಮಟ್ಟಕ್ಕೆ ಇಟ್ಟುಹೋಗಿದ್ದರು. ಚಿತ್ರ ಅಂದವಾಗಿ ಕಂಡದ್ದರಿಂದ ಯಾರೂ ಕೇಳಿರಲಿಲ್ಲ.

ಬೆರಕೆಯನ್ನು ಅರ್ಧಕ್ಕರ್ಧ ಮಾಡಿ ಬಿಲ್ಲೆಯನ್ನು ಮತ್ತೆ ತಿರುಗಿಸಿದರು. ಬೀಸಣಿಗೆ ಮುದುಡಿತು, ಮೂರು ನೆರಳು ಸ್ಪಷ್ಟ, ನಾಲ್ಕನೆಯದು ಇದೆಯೋ ಇಲ್ಲವೋ ಎಂಬಂತೆ. ಅರ್ಧ ಸೆಕೆಂಡಿನಲ್ಲಿ ಶೇಷ ೬ಕ್ಕೆ ಇಳಿದಿತ್ತು. ಚಿತ್ರ ಮೊದಲಿಗಿಂತ ಕಾಳಾಯಿತು ನಿಜ, ಏಕೆಂದರೆ ನುಣುಪು ಏಳರಿಂದ ಮೂರಕ್ಕೆ ಇಳಿದಿತ್ತು. ವೈದ್ಯರು ಸ್ವಲ್ಪ ಹೊತ್ತು ನೋಡಿ, ತಂತಿ ಸರಿಸುವಾಗ ಇದೇ ಇರಲಿ, ನಿಂತ ಮೂಳೆಯನ್ನು ನೋಡುವಾಗ ಹಿಂದಿನದಿರಲಿ ಎಂದರು. ಎರಡನ್ನೂ ಬೇರೆ ಬೇರೆ ಗುಂಡಿಗಳಿಗೆ ಹೊಂದಿಸಿದರು. ಮೂಳೆಯ ಕೆಲಸಕ್ಕೆ ಇಷ್ಟು ಸಾಕು. ಬಡಿಯುವ ಹೃದಯದ ನಾಳಗಳಲ್ಲಿ ಕೆಲಸ ಮಾಡುವ ಕಡೆ ಬೇಡಿಕೆ ಇನ್ನೂ ಕಠಿಣ. ನಮ್ಮ ಭಾಗದ ಅನೇಕ ಹೃದ್ರೋಗಿಗಳು ಈಗ ಕಲಬುರಗಿಯ ಜಯದೇವ ಸಂಸ್ಥೆಗೆ ಹೋಗುತ್ತಾರೆ. ಅದರ ೩೭೧ ಹಾಸಿಗೆಗಳ ಹೊಸ ಆಸ್ಪತ್ರೆ ೨೦೨೪ರ ಡಿಸೆಂಬರಿನಲ್ಲಿ ಆರಂಭವಾಯಿತು. ಹಿಂದೆ ಇದಕ್ಕಾಗಿ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಓಡಬೇಕಾಗಿತ್ತು. ಕೂದಲೆಳೆಯಂಥ ತಂತಿ ಕುಣಿಯುವ ನಾಳದೊಳಗೆ ಸಾಗುವಾಗ ಹಳೆಯ ನೆರಳು ಬೆರೆತರೆ ಏನಾದೀತೆಂದು ವಾಚಕರೇ ಊಹಿಸಬಹುದು.

ಮನೆಮಂದಿ ತಿಳಿದಿರಬೇಕಾದ ಒಂದು ಮಾತು. ಕ್ಷ-ಕಿರಣ ಯಂತ್ರಗಳ ಮೇಲ್ವಿಚಾರಣೆ ಮುಂಬಯಿಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. ೧೯೮೩ರ ನವೆಂಬರ್ ೧೫ರಂದು ಸ್ಥಾಪನೆಯಾದ ಮಂಡಳಿ ಅದು. ಸಿ-ಆರ್ಮ್ ನಡೆಸಲು ಅದರ ಪರವಾನಗಿ ಬೇಕು. ಎರಡು ವರ್ಷಕ್ಕೊಮ್ಮೆ ಗುಣಮಟ್ಟದ ಪರೀಕ್ಷೆ ಮಾಡಿಸಬೇಕು. ನಮ್ಮವರು ಆಸ್ಪತ್ರೆಗೆ ಹೋದಾಗ ಖರ್ಚು ಕೇಳುತ್ತಾರೆ, ವೈದ್ಯರ ಊರು ಕೇಳುತ್ತಾರೆ, ಕೆಲವೊಮ್ಮೆ ಕುಲಗೋತ್ರವನ್ನೂ ಕೇಳುವುದುಂಟು. ಯಂತ್ರದ ಪರೀಕ್ಷೆ ಯಾವಾಗ ಆಯಿತು ಎಂದು ಕೇಳಿದವರನ್ನು ನಾನು ಕಂಡಿಲ್ಲ. ವಿನಯದಿಂದ ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರಿಸರು. ನಾನು ಕಂಡ ವೈದ್ಯರಂತೂ ತಾವಾಗಿಯೇ ಕೇಳಿ ಅಳೆಯಿಸಿದವರು.

ಸಂಜೆ ತರುಣರು ಬಿಲ್ಲೆಯನ್ನು ಪೆಟ್ಟಿಗೆಗಿಟ್ಟು ಹೊರಟರು. ಯಂತ್ರ ನಡೆಸುವ ಹುಡುಗ, ಎರಡು ಗುಂಡಿಗಳ ವ್ಯತ್ಯಾಸ ಮರೆತುಹೋಗದಂತೆ ಕನ್ನಡದಲ್ಲಿ ಬರೆದುಕೊಡಿರಿ, ನಿಮ್ಮ ಅಕ್ಷರ ದುಂಡಗಿದೆ ಎಂದ. ಬಿಳಿಯ ಕಾಗದದ ಮೇಲೆ ಬರೆದೆ: ತಂತಿ ಸರಿಯುವಾಗ ಬಲಗಡೆಯ ಗುಂಡಿ, ನೆರಳು ಕಡಿಮೆ, ಮೂಳೆ ನಿಂತಿರುವಾಗ ಎಡಗಡೆಯ ಗುಂಡಿ, ಚಿತ್ರ ನುಣುಪು. ಅವನು ಅದನ್ನು ಪರದೆಯ ಕೆಳಗೆ ಅಂಟಿಸಿದ. ಮೂರು ತಿಂಗಳ ನಂತರ ಅಣ್ಣನವರನ್ನು ಮರುಪರೀಕ್ಷೆಗೆ ಕರೆದುಕೊಂಡು ಹೋದಾಗ ಕಾಗದದ ಅಂಚು ಸ್ವಲ್ಪ ಹಳದಿಯಾಗಿತ್ತು. ಕೆಳಗೆ ಯಾರೋ ಪೆನ್ಸಿಲಿನಿಂದ ಮುಂದಿನ ಪರೀಕ್ಷೆಯ ತಿಂಗಳನ್ನೂ ವರ್ಷವನ್ನೂ ಬರೆದಿದ್ದರು.